ಇಂಟರ್ನೆಟ್ಟಿನ ಶಾನುಭೋಗ ಜಾನ್ ಪೋಸ್ಟೆಲ್

ವಿಟಿಯು ಹಳೆಯ ಸ್ಕೀಮಿನಲ್ಲಿ ಓದಿದ ಕಂಪ್ಯೂಟರ್ ಸೈನ್ಸ್ ಸೀನಿಯರ್‌ಗಳು ಯಾರಾದರೂ ಸಿಕ್ಕರೆ ಕೇಳಿ ನೋಡಿ. ಅವರ ವೆಬ್ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಪರ್ಲ್ ಭಾಷೆಯ ಒಂದು ಪುಟ್ಟ ಪ್ರೋಗ್ರಾಂ ಇರುತ್ತಿತ್ತು. ಸರ್ವರಿನ ಹೆಸರು, ಅದರ ಸಾಫ್ಟ್‌ವೇರ್, ಪ್ರೋಟೋಕಾಲ್, ಸಿಜಿಐ ಆವೃತ್ತಿ ಇವನ್ನೆಲ್ಲ ಬ್ರೌಸರಿನಲ್ಲಿ ತೋರಿಸಬೇಕು, ಅಷ್ಟೇ. ಎಕ್ಸಾಮ್ ದಿನ ಚೀಟಿ ಎತ್ತಿದಾಗ ಇದೇ ಬಂದರೆ ಹಬ್ಬ. ಹತ್ತು ಸಾಲು ಬರೆದು, ಔಟ್‌ಪುಟ್ ತೋರಿಸಿ, ಎದ್ದು ಬಂದರಾಯಿತು.

ಈ ಸಂಚಿಕೆಗೆ ಏನು ಬರೆಯೋಣ ಅಂತ ತಲೆ ಕೆಡಿಸಿಕೊಂಡಿದ್ದಾಗ ಹಳೆಯ ಲ್ಯಾಬ್ ರೆಕಾರ್ಡೊಂದು ನಮ್ಮ ಕೈಗೆ ಸಿಕ್ಕಿತು. ಸುಮ್ಮನೆ ಆ ಪ್ರೋಗ್ರಾಮನ್ನೇ ಓಡಿಸಿದೆವು. ಪರದೆಯ ಮೇಲೆ ಇಪ್ಪತ್ತು ಮೂವತ್ತು ಸಾಲು ಬಂತು. ರಿಕ್ವೆಸ್ಟ್_ಮೆಥಡ್, ಕ್ವೆರಿ_ಸ್ಟ್ರಿಂಗ್, ಸರ್ವರ್_ನೇಮ್, ಸರ್ವರ್_ಪೋರ್ಟ್, ರಿಮೋಟ್_ಅಡ್ರ್, ಆಮೇಲೆ ಎಚ್‌ಟಿಟಿಪಿ ಅಂತ ಶುರುವಾಗುವ ಒಂದಷ್ಟು. ಸರ್ವರ್_ಪೋರ್ಟ್ ಎದುರಿಗೆ 80 ಅಂತಿತ್ತು. ಆ 80 ಯಾಕೆ? 79 ಯಾಕಲ್ಲ, 100 ಯಾಕಲ್ಲ? ಯಾರೋ ಒಬ್ಬರು ಎಲ್ಲೋ ಕೂತು ಇದನ್ನು ಬರೆದಿಟ್ಟಿರಬೇಕಲ್ಲ. ಹುಡುಕಿಕೊಂಡು ಹೋದಾಗ ಸಿಕ್ಕವರು ಉದ್ದ ಗಡ್ಡದ, ಚಪ್ಪಲಿ ಹಾಕಿಕೊಂಡು ಓಡಾಡುವ ಒಬ್ಬ ಮನುಷ್ಯ. ಹೆಸರು ಜೊನಾಥನ್ ಬ್ರೂಸ್ ಪೋಸ್ಟೆಲ್. ಎಲ್ಲರಿಗೂ ಅವರು ಜಾನ್.

ಅವರ ಕಥೆಗೆ ಹೋಗುವ ಮೊದಲು ಈ ಪಟ್ಟಿ ಪ್ರೋಗ್ರಾಮಿನ ಕೈಗೆ ಹೇಗೆ ಬಂತು ಅನ್ನೋದನ್ನು ನೋಡೋಣ. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಎಂಬ ಯುವಕ ಎಚ್‌ಟಿಟಿಪಿಡಿ ಎಂಬ ವೆಬ್ ಸರ್ವರ್ ಬರೆದರು. ಬರೀ ಫೈಲ್ ಕೊಡುವ ಸರ್ವರ್ ಸಾಲದು, ಬಂದ ರಿಕ್ವೆಸ್ಟನ್ನು ನೋಡಿ ಉತ್ತರ ತಯಾರಿಸುವ ಪ್ರೋಗ್ರಾಮೂ ಬೇಕು ಅಂತಾಯಿತು. ಆ ಪ್ರೋಗ್ರಾಂ ಯಾವ ಭಾಷೆಯಲ್ಲಾದರೂ ಇರಬಹುದು: ಸಿ, ಪರ್ಲ್, ಶೆಲ್. ಹಾಗಾದರೆ ಸರ್ವರಿಗೆ ಗೊತ್ತಿರುವ ಸಂಗತಿಗಳನ್ನು ಅದಕ್ಕೆ ದಾಟಿಸೋದು ಹೇಗೆ? ಎಲ್ಲ ಭಾಷೆಗೂ ಓದಲು ಬರುವ ಒಂದು ಜಾಗ ಯುನಿಕ್ಸ್‌ನಲ್ಲಿ ಆಗಲೇ ಇತ್ತು. 1979ರ ಏಳನೇ ಆವೃತ್ತಿಯ ಯುನಿಕ್ಸಿನಿಂದಲೂ ಪ್ರತಿ ಪ್ರೋಸೆಸ್ಸಿಗೆ ಹೆಸರು ಮತ್ತು ಬೆಲೆಯ ಒಂದು ಪಟ್ಟಿ ಜೊತೆಗೇ ಬರುತ್ತದೆ. ಅದೇ ಎನ್ವಿರಾನ್‌ಮೆಂಟ್. ಸರ್ವರ್ ಫೋರ್ಕ್ ಮಾಡುತ್ತದೆ, ಮರಿ ಪ್ರೋಸೆಸ್ಸಿಗೆ ಈ ಪಟ್ಟಿಯನ್ನು ತುಂಬಿ ಕೊಡುತ್ತದೆ, ಆಮೇಲೆ ನಮ್ಮ ಪ್ರೋಗ್ರಾಮನ್ನು ಎಕ್ಸೆಕ್ ಮಾಡುತ್ತದೆ. ಶಾಲೆಗೆ ಹೊರಟ ಮಗುವಿಗೆ ಬುತ್ತಿ ಕಟ್ಟಿಕೊಟ್ಟ ಹಾಗೆ. ಸಿ ಭಾಷೆಯಲ್ಲಿ ಗೆಟ್‌ಎನ್ವ್ ಎಂಬ ಫಂಕ್ಷನ್, ಪರ್ಲ್‌ನಲ್ಲಿ ಎನ್ವ್ ಎಂಬ ಹ್ಯಾಶ್: ಬುತ್ತಿ ಬಿಚ್ಚೋದು ಇಷ್ಟೇ ಸುಲಭ. ಪೋಸ್ಟ್ ರಿಕ್ವೆಸ್ಟಿನ ಒಡಲು ಮಾತ್ರ ಸ್ಟ್ಯಾಂಡರ್ಡ್ ಇನ್‌ಪುಟ್ಟಿನಲ್ಲಿ ಬರುತ್ತದೆ, ಅದರ ಉದ್ದ ಎಷ್ಟು ಅನ್ನೋದು ಕಂಟೆಂಟ್_ಲೆಂಗ್ತ್‌ನಲ್ಲಿ. ರಿಕ್ವೆಸ್ಟ್ ಮುಗಿದರೆ ಪ್ರೋಸೆಸ್ಸೂ ಸತ್ತಿತು, ಬುತ್ತಿಯೂ ಖಾಲಿ. ಪ್ರತಿ ರಿಕ್ವೆಸ್ಟಿಗೂ ಹೊಸ ಪ್ರೋಸೆಸ್ ಅಂದರೆ ದುಬಾರಿ ನಿಜ. ಆದರೆ ಹೆಸರುಗಳು ಉಳಿದವು. ಇವತ್ತು ಪಿಎಚ್‌ಪಿಯ ಸರ್ವರ್ ಅರೇ ತೆರೆದರೂ, ಪೈಥಾನಿನ ಡಬ್ಲ್ಯುಎಸ್‌ಜಿಐ ಕೊಡುವ ಎನ್ವಿರಾನ್ ಡಿಕ್ಷನರಿ ತೆರೆದರೂ ಅವೇ ಹಳೆಯ ಹೆಸರುಗಳು ನಿಮ್ಮನ್ನು ನೋಡುತ್ತವೆ.

ಹೆಸರುಗಳೇನೋ ಎನ್‌ಸಿಎಸ್‌ಎ ಕಡೆಯವು. ಒಳಗಿನ ಬೆಲೆಗಳು? ಅಲ್ಲಿಗೆ ಪೋಸ್ಟೆಲ್ ಬರುತ್ತಾರೆ.

ಅವರು ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಓದಿದ್ದು ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಮುಂದೆ ಇಂಟರ್ನೆಟ್ ಕಟ್ಟಿದವರಲ್ಲಿ ಹೆಸರಾದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಅದೇ ಶಾಲೆಯವರು. ಮೂವರೂ ಜೊತೆಯಾಗಿ ಕೆಲಸ ಮಾಡಿದ್ದು ಮಾತ್ರ ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ. ಪೋಸ್ಟೆಲ್ ಅಲ್ಲಿ 1966ರಲ್ಲಿ ಇಂಜಿನಿಯರಿಂಗ್ ಪದವಿ, 1968ರಲ್ಲಿ ಸ್ನಾತಕೋತ್ತರ ಪದವಿ, 1974ರಲ್ಲಿ ಕಂಪ್ಯೂಟರ್ ಸೈನ್ಸಿನಲ್ಲಿ ಡಾಕ್ಟರೇಟ್ ಪಡೆದರು.

1969ರಲ್ಲಿ ಅರ್ಪಾನೆಟ್‌ನ ಮೊದಲ ನೋಡ್ ಬಂದು ಕೂತದ್ದು ಅದೇ ಯುಸಿಎಲ್‌ಎಯಲ್ಲಿ, ಲೆನರ್ಡ್ ಕ್ಲೈನ್‌ರಾಕ್ ಅವರ ಪ್ರಯೋಗಾಲಯದಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದವರು ಬಹುಪಾಲು ನಮ್ಮಂಥ ವಿದ್ಯಾರ್ಥಿಗಳು. ನೆಟ್‌ವರ್ಕ್ ಹೇಗೆ ಮಾತಾಡಬೇಕು ಅಂತ ಹೇಳಿಕೊಡುವ ಹಿರಿಯರು ಯಾರೂ ಇರಲಿಲ್ಲ, ಯಾಕಂದರೆ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷದ ಏಪ್ರಿಲ್ 7ರಂದು ಕ್ರಾಕರ್ ಮೊದಲ ಆರ್‌ಎಫ್‌ಸಿ ಬರೆದರು. ಅಭಿಪ್ರಾಯಕ್ಕಾಗಿ ಕೋರಿಕೆ ಅನ್ನೋದು ಆ ಹೆಸರಿನ ಅರ್ಥ. ಇದು ಆಜ್ಞೆ ಅಲ್ಲ, ಕಾನೂನೂ ಅಲ್ಲ, ಹಿಂಗೆ ಮಾಡೋಣವಾ ಅಂತ ಕೇಳುವ ಪತ್ರ. ಅಂಥ ಪತ್ರಗಳು ರಾಶಿ ಬೀಳತೊಡಗಿದಾಗ ಅವನ್ನು ತಿದ್ದಿ, ನಂಬರ್ ಹಾಕಿ, ಜೋಪಾನ ಮಾಡುವ ಕೆಲಸ ಪೋಸ್ಟೆಲ್ ಅವರ ಹೆಗಲಿಗೆ ಬಂತು. ಸಾಯುವ ತನಕ ಅವರೇ ಆರ್‌ಎಫ್‌ಸಿ ಸಂಪಾದಕರಾಗಿದ್ದರು. ನಮ್ಮ ಪತ್ರಿಕೆಯ ನಾಲ್ಕು ಲೇಖನ ತಿದ್ದುವಷ್ಟರಲ್ಲಿ ನಮಗೆ ಸಾಕೋ ಸಾಕಾಗುತ್ತದೆ. ಅವರು ಎರಡು ಸಾವಿರಕ್ಕೂ ಮೀರಿದ ಸಂಖ್ಯೆಯವರೆಗೆ ಆ ಸರಣಿಯನ್ನು ತಂದು ಮುಟ್ಟಿಸಿದರು.

ಇನ್ನೊಂದು ಕೆಲಸ ಇನ್ನೂ ಸಣ್ಣದಾಗಿ ಕಾಣುವಂಥದ್ದು. ಒಂದು ಕಂಪ್ಯೂಟರಿನಲ್ಲಿ ಹಲವು ಸೇವೆಗಳಿದ್ದರೆ ಹೊರಗಿನಿಂದ ಬಂದವರು ಯಾವ ಬಾಗಿಲು ತಟ್ಟಬೇಕು? ಎಲ್ಲರೂ ಒಂದೇ ನಂಬರ್ ಒಪ್ಪಿಕೊಂಡಿದ್ದರೆ ಮಾತ್ರ ಆದೀತು. 1972ರ ಮೇ 30ರ ದಿನಾಂಕದ ಆರ್‌ಎಫ್‌ಸಿ 349ರಲ್ಲಿ ಪೋಸ್ಟೆಲ್ ಒಂದು ಸಲಹೆ ಇಟ್ಟರು. ಈ ನಂಬರುಗಳನ್ನು ಹಂಚಲು ಒಬ್ಬ ಅಧಿಕಾರಿ ಇರಲಿ ಅಂತ ಬರೆದು, ಅದು ತಾನೇ ಆಗಬಹುದೇನೋ ಅಂತ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಯಾರೂ ಬೇಡ ಅನ್ನಲಿಲ್ಲ. ನೇಮಕಾತಿ ಮುಗಿಯಿತು! ಅದೇ ಪತ್ರದಲ್ಲಿ ಎಕೋ ಸೇವೆಗೆ 7, ಡಿಸ್ಕಾರ್ಡ್ ಸೇವೆಗೆ 9 ಅಂತಿತ್ತು. ಇವತ್ತೂ ಅವು ಅದೇ ನಂಬರಿನಲ್ಲಿವೆ.

ಊರಿನಲ್ಲಿ ಹಿಂದೆ ಶಾನುಭೋಗರು ಇರುತ್ತಿದ್ದರಲ್ಲ, ಹಾಗೆ. ಹೊಲ ಅವರದ್ದಲ್ಲ, ಊರೂ ಅವರದ್ದಲ್ಲ. ಆದರೆ ಯಾವ ಸರ್ವೆ ನಂಬರ್ ಯಾರದ್ದು ಅನ್ನೋದು ಅವರ ಕಡತದಲ್ಲಿ ಇದ್ದರೇ ಲೆಕ್ಕ. ಪೋಸ್ಟೆಲ್ ಕೂಡ ಮೊದಮೊದಲು ಈ ನಂಬರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರಂತೆ. ಮೈಟರ್, ಎಸ್‌ಆರ್‌ಐ ಸಂಸ್ಥೆಗಳಲ್ಲಿ ಸ್ವಲ್ಪ ಕಾಲ ಇದ್ದು, 1977ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆ ಐಎಸ್‌ಐ ಸೇರಿದರು. ಕೊನೆಯವರೆಗೂ ಅಲ್ಲೇ ಇದ್ದರು. ಅಲ್ಲಿ ಜಾಯ್ಸ್ ರೆನಾಲ್ಡ್ಸ್ ಎಂಬ ಮಹಿಳೆ ಅವರ ಜೊತೆಯಾದರು. ಅಸೈನ್ಡ್ ನಂಬರ್ಸ್ ಎಂಬ ಪಟ್ಟಿ ಇಬ್ಬರ ಹೆಸರಿನಲ್ಲಿ ಮತ್ತೆ ಮತ್ತೆ ಪರಿಷ್ಕರಣೆಗೊಂಡು ಹೊರಬಂತು. ಈ ಕೆಲಸಕ್ಕೆ ಮುಂದೆ ಐಎಎನ್‌ಎ, ಅಂದರೆ ಐಯಾನಾ, ಎಂಬ ಗಂಭೀರವಾದ ಹೆಸರು ಬಂತು. ಹೆಸರು ಕೇಳಿ ದೊಡ್ಡ ಕಟ್ಟಡ, ನೂರಾರು ಜನ ಅಂದುಕೊಳ್ಳಬೇಡಿ. ಬಹಳ ವರ್ಷ ಐಯಾನಾ ಅಂದರೆ ಜಾನ್ ಮತ್ತು ಜೊತೆಗೆ ಕೆಲವೇ ಮಂದಿ.

ಎಸ್‌ಎಸ್‌ಎಚ್ ಕಥೆ ಕೇಳಿದರೆ ಇದು ಅರ್ಥವಾಗುತ್ತದೆ. 1995ರ ಜುಲೈಯಲ್ಲಿ ಫಿನ್ಲೆಂಡಿನ ಟಾಟು ಯ್ಲೋನೆನ್ ತಾನು ಬರೆದ ಎಸ್‌ಎಸ್‌ಎಚ್‌ಗೆ ಒಂದು ಪೋರ್ಟ್ ಬೇಕು ಅಂತ ಐಯಾನಾಗೆ ಇಮೇಲ್ ಹಾಕಿದರು. ಎಫ್‌ಟಿಪಿ 21ರಲ್ಲಿತ್ತು, ಟೆಲ್‌ನೆಟ್ 23ರಲ್ಲಿತ್ತು, ನಡುವಿನ 22 ಖಾಲಿ. ಮಾರನೆಯ ದಿನವೇ ಜಾಯ್ಸ್ ಅವರಿಂದ ಉತ್ತರ ಬಂತು, 22 ಸಿಕ್ಕಿತು. ಫೀಸಿಲ್ಲ, ಸಂದರ್ಶನವಿಲ್ಲ, ನೋ ಡ್ಯೂ ಸರ್ಟಿಫಿಕೇಟೂ ಇಲ್ಲ. ನಮ್ಮ 80 ಕೂಡ ಹೀಗೇ ಬಂದದ್ದು. 1992ರ ಜುಲೈಯಲ್ಲಿ ಬಂದ ಆರ್‌ಎಫ್‌ಸಿ 1340ರ ಪಟ್ಟಿಯಲ್ಲಿ ವರ್ಲ್ಡ್ ವೈಡ್ ವೆಬ್ ಎದುರಿಗೆ 80 ಅಂತ ಒಂದು ಸಾಲು ಇದೆ. ನೂರಾರು ಸಾಲುಗಳ ನಡುವೆ ಅದೂ ಒಂದು. ಜಗತ್ತನ್ನೇ ಬದಲಿಸುವ ಸಾಲು ಇದು ಅಂತ ಆಗ ಯಾರು ತಾನೇ ಅಂದುಕೊಂಡಾರು?

ಪೋಸ್ಟೆಲ್ ಬರೀ ಲೆಕ್ಕ ಬರೆದವರು ಅಂದುಕೊಂಡರೆ ತಪ್ಪು. ಪಟ್ಟಿಯಲ್ಲಿ ಸರ್ವರ್_ಪೋರ್ಟ್ ಒಂದು ಸಾಲು, ರಿಮೋಟ್_ಅಡ್ರ್ ಇನ್ನೊಂದು ಸಾಲು. ಈ ಎರಡು ಬೆಲೆಗಳು ಎರಡು ಬೇರೆ ಪದರಗಳಿಂದ ಬರುತ್ತವೆ: ಪೋರ್ಟ್ ಟಿಸಿಪಿಯದ್ದು, ಅಡ್ರೆಸ್ ಐಪಿಯದ್ದು. 1977ರವರೆಗೆ ಈ ಎರಡು ಪ್ರತ್ಯೇಕ ಪ್ರೋಟೋಕಾಲ್‌ಗಳೇ ಆಗಿರಲಿಲ್ಲ, ಎಲ್ಲವೂ ಟಿಸಿಪಿ ಎಂಬ ಒಂದೇ ಗಂಟು. ಆ ವರ್ಷದ ಆಗಸ್ಟಿನಲ್ಲಿ ಪೋಸ್ಟೆಲ್ ಒಂದು ಖಾರವಾದ ಟಿಪ್ಪಣಿ ಬರೆದು, ಪ್ಯಾಕೆಟ್ ಅನ್ನು ದಾರಿ ದಾಟಿಸುವ ಕೆಲಸವನ್ನೂ ಎರಡು ತುದಿಗಳ ನಡುವೆ ವಿಶ್ವಾಸದ ಸಂಪರ್ಕ ಕೊಡುವ ಕೆಲಸವನ್ನೂ ಒಂದೇ ಪ್ರೋಟೋಕಾಲಿನಲ್ಲಿ ತುರುಕಿ ನಾವು ಕೆಡಿಸುತ್ತಿದ್ದೇವೆ ಅಂತ ವಾದಿಸಿದರು. ಗಂಟು ಬಿಚ್ಚಿತು. 1980ರಲ್ಲಿ ಯುಡಿಪಿಯ ವಿವರ ಬಂದಾಗ ಅದು ಮೂರೇ ಪುಟ. ಕೆಳಗೆ ಐಪಿ ಬೇರೆಯಾಗಿ ಇದ್ದದ್ದರಿಂದಲೇ ಅಷ್ಟು ಸಣ್ಣದಾಗಿ ಬರೆಯಲು ಆಯಿತು ಅಂತ ನಮಗನ್ನಿಸುತ್ತದೆ. 1981ರ ಸೆಪ್ಟೆಂಬರಿನಲ್ಲಿ ಬಂದ ಆರ್‌ಎಫ್‌ಸಿ 791 ಮತ್ತು 793, ಅಂದರೆ ನಾವು ಐದನೇ ಸೆಮಿಸ್ಟರಿನಲ್ಲಿ ಹೆಡರ್ ಚಿತ್ರ ಬಾಯಿಪಾಠ ಮಾಡುವ ಐಪಿ ಮತ್ತು ಟಿಸಿಪಿ, ಪೋಸ್ಟೆಲ್ ಸಂಪಾದಿಸಿದವು. ಮರುವರ್ಷದ ಎಸ್‌ಎಂಟಿಪಿ ಅವರೇ ಬರೆದದ್ದು.

ಈಗ ಅವರ ಅತ್ಯಂತ ಹೆಸರುವಾಸಿ ಮಾತಿಗೆ ಬರೋಣ. 1980ರ ಜನವರಿಯ ಟಿಸಿಪಿ ಕರಡಿನಲ್ಲಿ ಅವರು ಒಂದು ತತ್ವ ಸೇರಿಸಿದರು. ಕಳಿಸುವಾಗ ಕಟ್ಟುನಿಟ್ಟಾಗಿರಬೇಕು, ಬೇರೆಯವರಿಂದ ತೆಗೆದುಕೊಳ್ಳುವಾಗ ಉದಾರವಾಗಿರಬೇಕು ಅನ್ನೋದು ಅದರ ಸಾರ. ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಯಂತ್ರಗಳ ಮೇಲೆ ಬೇರೆ ಬೇರೆ ಜನ ಬರೆದ ಕೋಡ್ ಪರಸ್ಪರ ಮಾತಾಡಬೇಕಾದ ಕಾಲವದು. ಎದುರಿನವರ ಸಣ್ಣ ತಪ್ಪಿಗೆ ಸಂಪರ್ಕ ಕಡಿದುಕೊಳ್ಳುತ್ತ ಕೂತಿದ್ದರೆ ನೆಟ್‌ವರ್ಕ್ ಹುಟ್ಟುತ್ತಲೇ ಇರಲಿಲ್ಲ.

ಆದರೆ ಇದೇ ಉದಾರತೆ ಎಲ್ಲಿ ಕಚ್ಚುತ್ತದೆ ಅಂತ ನಮ್ಮ ಲ್ಯಾಬ್ ಪ್ರೋಗ್ರಾಮಿನ ಪಟ್ಟಿಯೇ ತೋರಿಸುತ್ತದೆ. ಅಲ್ಲಿರುವ ಸಾಲುಗಳೆಲ್ಲ ಒಂದೇ ಜಾತಿಯವಲ್ಲ. ರಿಮೋಟ್_ಅಡ್ರ್ ಅನ್ನೋದು ಸರ್ವರ್ ತಾನೇ ಕಂಡದ್ದು. ಟಿಸಿಪಿ ಕೈಕುಲುಕುವಿಕೆ ಮುಗಿಯಬೇಕಾದರೆ ಉತ್ತರ ಆ ಅಡ್ರೆಸ್ಸಿಗೆ ಹೋಗಿ ಮರಳಬೇಕು, ಹಾಗಾಗಿ ಸುಳ್ಳು ಹೇಳೋದು ಕಷ್ಟ. ನಡುವೆ ಪ್ರಾಕ್ಸಿ ಇದ್ದರೆ ಪ್ರಾಕ್ಸಿಯ ಅಡ್ರೆಸ್, ಹಾಸ್ಟೆಲ್ ವೈಫೈ ಆಚೆಗಾದರೆ ಇಡೀ ಹಾಸ್ಟೆಲಿಗೆ ಒಂದೇ ಅಡ್ರೆಸ್ ಕಾಣಬಹುದು, ಅದು ಬೇರೆ ಮಾತು. ಎಚ್‌ಟಿಟಿಪಿ_ಯೂಸರ್_ಏಜೆಂಟ್ ಹಾಗಲ್ಲ. ಬ್ರೌಸರ್ ಕಳಿಸಿದ ಹೆಡರಿನ ಹೆಸರನ್ನು ದೊಡ್ಡಕ್ಷರ ಮಾಡಿ, ನಡುಗೆರೆಯನ್ನು ಅಂಡರ್‌ಸ್ಕೋರ್ ಮಾಡಿ, ಮುಂದೆ ಎಚ್‌ಟಿಟಿಪಿ ಅಂತ ಅಂಟಿಸಿ, ಒಳಗಿನ ಮಾತನ್ನು ಇದ್ದ ಹಾಗೇ ಬುತ್ತಿಯಲ್ಲಿ ಇಡುತ್ತಾರೆ. ಹೊರಗಿನವರು ಏನು ಬರೆದರೂ ಸೈ. ಎರಡೂ ಒಂದೇ ಗೆಟ್‌ಎನ್ವ್‌ನಿಂದ ಬರುತ್ತವೆ, ಎರಡೂ ಒಂದೇ ಥರ ಕಾಣುತ್ತವೆ. ಓದುವವರು ಮೋಸ ಹೋಗೋದು ಅಲ್ಲೇ.

2014ರ ಸೆಪ್ಟೆಂಬರಿನಲ್ಲಿ ಶೆಲ್‌ಶಾಕ್ ಸುದ್ದಿಯಾದಾಗ ಆದದ್ದು ಇದೇ. ಬ್ಯಾಶ್ ಶೆಲ್ ಶುರುವಾಗುವಾಗ ಎನ್ವಿರಾನ್‌ಮೆಂಟಿನ ಬೆಲೆ ಫಂಕ್ಷನ್ನಿನ ಹಾಗೆ ಕಂಡರೆ ಅದನ್ನು ಒಳಗೆ ತೆಗೆದುಕೊಳ್ಳುತ್ತಿತ್ತು. ತಪ್ಪು ಏನೆಂದರೆ, ಫಂಕ್ಷನ್ ಮುಗಿದ ಮೇಲೆ ಬಾಲದಂತೆ ಏನಾದರೂ ಆಜ್ಞೆ ಇದ್ದರೆ ಅದನ್ನೂ ಓಡಿಸಿಬಿಡುತ್ತಿತ್ತು. 1989ರಿಂದಲೂ ಈ ತಪ್ಪು ಅಲ್ಲೇ ಮಲಗಿತ್ತು, ಅಂದರೆ ಸಿಜಿಐ ಹುಟ್ಟುವ ಮೊದಲಿಂದಲೂ. ಯೂಸರ್ ಏಜೆಂಟ್ ಜಾಗದಲ್ಲಿ ಅಂಥ ಸಾಲು ಬರೆದು ಕಳಿಸಿದರೆ, ಸರ್ವರ್ ಅದನ್ನು ಭಕ್ತಿಯಿಂದ ಬುತ್ತಿಗೆ ಹಾಕುತ್ತದೆ. ಸಿಜಿಐ ಪ್ರೋಗ್ರಾಂ ಎಲ್ಲಾದರೂ ಬ್ಯಾಶ್ ಕರೆದರೆ ಮುಗಿಯಿತು, ಎಲ್ಲೋ ಕೂತ ಅಪರಿಚಿತರ ಆಜ್ಞೆ ನಿಮ್ಮ ಸರ್ವರಿನಲ್ಲಿ ಓಡುತ್ತದೆ. 2016ರಲ್ಲಿ ಎಚ್‌ಟಿಟಿಪಾಕ್ಸಿ ಅಂತ ಇನ್ನೊಂದು ಬಂತು. ಪ್ರಾಕ್ಸಿ ಎಂಬ ಹೆಡರ್ ಕಳಿಸಿದರೆ ಅದು ಎಚ್‌ಟಿಟಿಪಿ_ಪ್ರಾಕ್ಸಿ ಆಗುತ್ತದೆ. ಆ ಹೆಸರಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಬೇರೆ ಅರ್ಥ ಆಗಲೇ ಇತ್ತು, ಹಾಗಾಗಿ ಪ್ರೋಗ್ರಾಂ ಹೊರಗೆ ಕಳಿಸುವ ರಿಕ್ವೆಸ್ಟುಗಳು ದಾಳಿಕೋರರ ಮೂಲಕ ಹಾದುಹೋಗುವಂತಾಯಿತು.

ಇದಕ್ಕೆಲ್ಲ ಪೋಸ್ಟೆಲ್ ಅವರನ್ನು ದೂರುವವರಿದ್ದಾರೆ. ನಮಗೆ ಅದು ಸರಿ ಅನಿಸೋದಿಲ್ಲ. ಉದಾರತೆ ಅಂದರೆ ಎದುರಿನವರ ಅಕ್ಷರ ಸ್ವಲ್ಪ ಸೊಟ್ಟಗಿದ್ದರೂ ಅರ್ಥ ಮಾಡಿಕೊಳ್ಳೋದು, ಅವರು ಕೊಟ್ಟ ಕಾಗದವನ್ನು ಓದದೆ ಸಹಿ ಹಾಕೋದಲ್ಲ. ಐಎಸ್‌ಐನಲ್ಲೇ ಇದ್ದ ರಾಬರ್ಟ್ ಬ್ರೇಡನ್ 1989ರಲ್ಲಿ ಸಂಪಾದಿಸಿದ ಆರ್‌ಎಫ್‌ಸಿ 1122 ಇದೇ ತತ್ವವನ್ನು ವಿವರಿಸುತ್ತ, ನೆಟ್‌ವರ್ಕಿನ ತುಂಬ ಕೇಡು ಬಯಸುವವರೇ ಇದ್ದಾರೆ ಅಂದುಕೊಂಡು ಕೋಡ್ ಬರೆಯಿರಿ ಅಂತ ಎಚ್ಚರಿಸಿತು. ಜನ ಮೊದಲರ್ಧ ನೆನಪಿಟ್ಟುಕೊಂಡರು, ಉಳಿದದ್ದನ್ನು ಬಿಟ್ಟರು. ನಾವೂ ಇಂಟರ್ನಲ್ಸ್‌ಗೆ ಓದೋದು ಹೀಗೇ ಅಲ್ವಾ?

ನಂಬಿಕೆಯ ಪ್ರಶ್ನೆ ಅವರ ಬದುಕಿನ ಕೊನೆಯ ವರ್ಷದಲ್ಲಿ ಅವರ ಮೇಲೇ ಬಂತು. ಪಟ್ಟಿಯಲ್ಲಿ ಸರ್ವರ್_ನೇಮ್ ಅಂತ ಇದೆಯಲ್ಲ, ಆ ಹೆಸರುಗಳ ವ್ಯವಸ್ಥೆ ಡಿಎನ್‌ಎಸ್ ಹುಟ್ಟಿದ್ದೂ ಐಎಸ್‌ಐನಲ್ಲಿ. ಪೋಸ್ಟೆಲ್ ವಹಿಸಿದ ಕೆಲಸವನ್ನು ಪಾಲ್ ಮೊಕಾಪೆಟ್ರಿಸ್ ಮಾಡಿ 1983ರಲ್ಲಿ ವಿವರ ಕೊಟ್ಟರು. ದೇಶಗಳಿಗೆ ಎರಡಕ್ಷರದ ಹೆಸರು ಹಂಚುವಾಗ ಪೋಸ್ಟೆಲ್ ಒಂದು ಜಾಣತನ ಮಾಡಿದರು. ಯಾವುದು ದೇಶ, ಯಾವುದಲ್ಲ ಅಂತ ತೀರ್ಮಾನಿಸುವ ಗೋಜಿಗೇ ಹೋಗದೆ ಐಎಸ್‌ಒ 3166 ಪಟ್ಟಿಯನ್ನು ಹಾಗೇ ಬಳಸಿದರು. 1989ರಲ್ಲಿ ನಮ್ಮ ಡಾಟ್ ಇನ್ ಬಂದದ್ದೂ ಆ ಲೆಕ್ಕದಲ್ಲೇ.

ತೊಂಬತ್ತರ ದಶಕದಲ್ಲಿ ಹೆಸರುಗಳಿಗೆ ದುಡ್ಡಿನ ಬೆಲೆ ಬಂತು. ಡಾಟ್ ಕಾಮ್ ನೋಂದಣಿ ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಕಂಪನಿಯ ಕೈಯಲ್ಲಿತ್ತು, 1995ರಿಂದ ವರ್ಷಕ್ಕೆ 50 ಡಾಲರ್ ಶುಲ್ಕ. ಎಲ್ಲ ಹೆಸರುಗಳ ಬೇರು ಯಾರ ಕೈಯಲ್ಲಿರಬೇಕು ಅಂತ ಜಗಳ ಶುರುವಾಯಿತು. 1998ರ ಜನವರಿ 28ರಂದು ಪೋಸ್ಟೆಲ್ ರೂಟ್ ಸರ್ವರ್ ನಡೆಸುವವರಲ್ಲಿ ಎಂಟು ಮಂದಿಗೆ ಒಂದು ಇಮೇಲ್ ಹಾಕಿದರು. ಇನ್ನು ಮೇಲೆ ಮೂಲ ಫೈಲನ್ನು ಆ ಕಂಪನಿಯ ಯಂತ್ರದಿಂದ ತೆಗೆದುಕೊಳ್ಳಬೇಡಿ, ನನ್ನ ಯಂತ್ರದಿಂದ ತೆಗೆದುಕೊಳ್ಳಿ ಅನ್ನೋದು ಅದರ ಸಾರಾಂಶ. ಎಂಟೂ ಮಂದಿ ಮರುಮಾತಿಲ್ಲದೆ ಹಾಗೇ ಮಾಡಿದರು. ಇಂಟರ್ನೆಟ್ಟಿನ ಬೇರು ಇಬ್ಭಾಗವಾಗಿತ್ತು, ಬಳಸುವ ಯಾರಿಗೂ ಗೊತ್ತಾಗಲಿಲ್ಲ. ಎರಡು ಕಡೆಯೂ ಇದ್ದದ್ದು ಒಂದೇ ಮಾಹಿತಿ. ಅಮೆರಿಕ ಸರಕಾರ ಮಾತ್ರ ಬೆಚ್ಚಿಬಿತ್ತು. ಅಧ್ಯಕ್ಷ ಕ್ಲಿಂಟನ್ ಅವರ ಸಲಹೆಗಾರ ಇರಾ ಮ್ಯಾಗಜೈನರ್ ಫೋನ್ ಮಾಡಿ ತಕ್ಷಣ ಹಿಂದಿನಂತೆ ಮಾಡಲು ಹೇಳಿದರು. ಪೋಸ್ಟೆಲ್ ಅದನ್ನು ಒಂದು ಪರೀಕ್ಷೆ ಅಂತ ಕರೆದು, ಕೆಲವೇ ದಿನಗಳಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡಿದರು.

ನಮ್ಮೊಳಗೆ ಇದರ ಬಗ್ಗೆ ಒಮ್ಮತ ಆಗಲಿಲ್ಲ. ಒಬ್ಬ ವ್ಯಕ್ತಿಯ ಒಂದು ಇಮೇಲಿಗೆ ಇಷ್ಟೊಂದು ಬಲ ಇರಬಾರದು ಅಂತ ಒಬ್ಬರು. ಆ ಬಲ ಯಾರೂ ಕೊಟ್ಟದ್ದಲ್ಲ, ಇಪ್ಪತ್ತೈದು ವರ್ಷ ಲೆಕ್ಕದಲ್ಲಿ ತಪ್ಪದೆ ನಡೆದುಕೊಂಡು ಗಳಿಸಿದ್ದು ಅಂತ ಇನ್ನೊಬ್ಬರು. ಇಬ್ಬರದೂ ನಿಜವೇ. ಆ ಬಲವನ್ನು ತೋರಿಸಿದ ದಿನವೇ ಅದು ಒಬ್ಬರ ಕೈಯಲ್ಲಿ ಉಳಿಯುವಂತಿಲ್ಲ ಅನ್ನೋದೂ ಗೊತ್ತಾಗಿಹೋಯಿತು. ಪೋಸ್ಟೆಲ್ ಅವರಿಗೂ ಅದು ಗೊತ್ತಿತ್ತು. ಐಯಾನಾ ಕೆಲಸವನ್ನು ಒಂದು ಸಂಸ್ಥೆಗೆ ಒಪ್ಪಿಸುವ ಏರ್ಪಾಟಿನಲ್ಲಿ ಆ ವರ್ಷವೆಲ್ಲ ಓಡಾಡಿದರು. ಐಕ್ಯಾನ್ ಎಂಬ ಆ ಸಂಸ್ಥೆ ಸೆಪ್ಟೆಂಬರಿನಲ್ಲಿ ನೋಂದಣಿಯಾಯಿತು.

ಅದು ಕಣ್ಣು ಬಿಡುವುದನ್ನು ನೋಡಲು ಅವರು ಇರಲಿಲ್ಲ. ಸಿಯೆರಾ ಬೆಟ್ಟಗಳಲ್ಲಿ ಬೆನ್ನಿಗೆ ಚೀಲ ಹಾಕಿ ದಿನಗಟ್ಟಲೆ ನಡೆಯುತ್ತಿದ್ದ ಮನುಷ್ಯನಿಗೆ ಹೃದಯದ ಕವಾಟದ ತೊಂದರೆ ಇತ್ತು. ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳಲಾಗದೆ 1998ರ ಅಕ್ಟೋಬರ್ 16ರಂದು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡರು. ಆಗ ವಯಸ್ಸು 55. ಗೆಳೆಯ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ ಆರ್‌ಎಫ್‌ಸಿ ಸರಣಿಯಲ್ಲೇ 2468ನೇ ಸಂಖ್ಯೆಯಾಗಿ ಬಂತು. ಎಂಥ ಪ್ರೋಟೋಕಾಲೂ ಇಲ್ಲದ ಆರ್‌ಎಫ್‌ಸಿ ಅದು.

ಸಿಜಿಐಗೆ ಆ ಸರಣಿಯಲ್ಲಿ ಜಾಗ ಸಿಕ್ಕಿದ್ದು ಇನ್ನೂ ಆರು ವರ್ಷದ ಮೇಲೆ, 2004ರ ಅಕ್ಟೋಬರಿನಲ್ಲಿ, 3875 ಎಂಬ ನಂಬರಿನಲ್ಲಿ. ಅಷ್ಟರಲ್ಲಿ ಹನ್ನೊಂದು ವರ್ಷದಿಂದ ಜನ ಅದನ್ನು ಬಳಸುತ್ತಲೇ ಇದ್ದರು, ನಮ್ಮ ಸೀನಿಯರ್‌ಗಳು ಅದೇ ಪಟ್ಟಿಯನ್ನು ಮುಂದೆ ಲ್ಯಾಬಿನಲ್ಲಿ ಬರೆದರು.

ನೀವೂ ಒಮ್ಮೆ ಆ ಪ್ರೋಗ್ರಾಂ ಓಡಿಸಿ ನೋಡಿ. ನಿಮ್ಮದೇ ಲ್ಯಾಪ್‌ಟಾಪಿನಲ್ಲಿ ಸರ್ವರ್ ಹಾಕಿ ಅಲ್ಲಿಂದಲೇ ಬ್ರೌಸರ್ ತೆರೆದರೆ ರಿಮೋಟ್_ಅಡ್ರ್ ಎದುರಿಗೆ 127.0.0.1 ಅಂತ ಬರುತ್ತದೆ. ಐಪಿವಿ6 ಮೊದಲಾದರೆ ::1 ಬಂದೀತು. 127ರಿಂದ ಶುರುವಾಗುವ ಅಡ್ರೆಸ್ಸುಗಳು ಯಂತ್ರ ತನ್ನ ಜೊತೆ ತಾನೇ ಮಾತಾಡಿಕೊಳ್ಳಲು ಮೀಸಲು ಅಂತ 1986ರ ನವೆಂಬರಿನ ಆರ್‌ಎಫ್‌ಸಿ 990ರಲ್ಲಿ ಬರೆದಿದೆ. ಕೆಳಗೆ ಎರಡು ಹೆಸರು: ರೆನಾಲ್ಡ್ಸ್, ಪೋಸ್ಟೆಲ್.